ಕೊರಿಯಾದ ದರೋಡೆಕೋರರೂ ಎದುರುಮನೆಯವಳೂ

ಒಮ್ಮೆ ನೋಡಿದ ಕಥೆಯನ್ನೇ ಬೇರೆ ಮುಖಗಳಲ್ಲಿ ಮತ್ತೆ ನೋಡುವಷ್ಟು ತಾಳ್ಮೆ ನನಗೆ ಎಂದೂ ಇರಲಿಲ್ಲ. ಹಾಗಾಗಿ ಸ್ಪೇನಿನವರ ಆ ದರೋಡೆಯ ಸೀರಿಯಲ್ಲನ್ನು ಕೊರಿಯಾದವರು ರೀಮೇಕ್ ಮಾಡಿದ್ದಾರೆ ಎಂದು ಎದುರು ಫ್ಲ್ಯಾಟಿನ ಗೆಳತಿ ಕುಣಿದುಕೊಂಡು ಬಂದಾಗ, ‘ಕಳ್ಳರು ಅದೇ ಕಳ್ಳರು, ಊಟಕ್ಕೆ ಮಾತ್ರ ನೂಡಲ್ಸು’ ಎಂದು ನಕ್ಕುಬಿಟ್ಟೆ. ಸ್ಪೇನಿನದ್ದನ್ನು ನಾನು ಕರ್ಫ್ಯೂ ಕಾಲದಲ್ಲಿ, ಕುವೈತ್ ಇಡೀ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಊಟ ನಿದ್ದೆ ಬಿಟ್ಟು ನೋಡಿ ಮುಗಿಸಿದ್ದೆ. ಅವಳು ನೋಡಿರಲಿಲ್ಲ. ಅವಳಿಗೆ ಕೊರಿಯಾದ್ದು ಅಂದರೆ ಮುಗಿಯಿತು, ಕಥೆ ಯಾವುದಾದರೂ ಆದೀತು.

ಆದರೂ ಅವಳ ಒತ್ತಾಯಕ್ಕೆ ಕೂತೆ. ಹೀಗೆ ನಮ್ಮ ಶುಕ್ರವಾರಗಳು ಶುರುವಾದವು. ಅವಳ ಮನೆಮಾತು ಕೊಂಕಣಿ, ನನ್ನದು ತುಳು, ಇಬ್ಬರೂ ಸೇರಿದರೆ ಮಂಗಳೂರು ಕನ್ನಡ. ಇಲ್ಲಿ ವಾರದ ರಜೆ ಶುಕ್ರವಾರವೇ; ಅವಳು ಚರ್ಚಿನಿಂದ ಬಂದು, ಊಟವಾಗಿ, ಅವಳ ಗಂಡ ಮಲಗಿದ ಮೇಲೆ ನಾವಿಬ್ಬರೂ ಅವಳ ಸೋಫಾದ ಮೇಲೆ ಕಾಲು ಮಡಚಿ ಕೂರುತ್ತಿದ್ದೆವು. ಪರದೆಯ ಮೇಲೆ ಮುಖವಾಡ ಹಾಕಿದ ಒಂದು ತಂಡ ನೋಟು ಅಚ್ಚು ಹಾಕುವ ಕಟ್ಟಡಕ್ಕೆ ನುಗ್ಗಿ ಕೂತಿರುತ್ತಿತ್ತು. ಮುಂದೇನಾಗುತ್ತದೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಅವಳು ಒಮ್ಮೆ ‘ಹೇಳ್ಬೇಡ’ ಎನ್ನುವುದು, ಮತ್ತೆ ‘ಒಂದೇ ಒಂದು ಹೇಳು’ ಎಂದು ಕೈ ಹಿಡಿಯುವುದು. ನಾನು ಬಾಯಿ ಬಿಡುತ್ತಿರಲಿಲ್ಲ. ಕೊರಿಯಾದವರು ಅಲ್ಲಲ್ಲಿ ಕಥೆ ಬದಲಾಯಿಸಿದ್ದರು; ನಾನಂದುಕೊಂಡದ್ದು ಆಗದೆ ಬೇರೇನೋ ಆದಾಗ ನನಗೆ ಸಿಟ್ಟು ಬರುತ್ತಿತ್ತು, ಅವಳಿಗೆ ಖುಷಿಯೋ ಖುಷಿ.

ನಾನು ಸಬ್ಹಾನಿನ ಒಂದು ಗೋದಾಮಿನ ಆಫೀಸಿನಲ್ಲಿ ಸಂಜೆಯವರೆಗೆ ದುಡಿಯುವವಳು. ಮಧ್ಯಾಹ್ನ ಶಾಲೆಯ ವ್ಯಾನಿನಿಂದ ಇಳಿದ ನನ್ನ ಮಗಳು ಹೋಗುವುದು ಎದುರುಮನೆಗೆ. ಊಟ, ಹೋಂವರ್ಕು, ಜ್ವರ ಬಂದರೆ ಔಷಧಿ, ಎಲ್ಲವೂ ಅಲ್ಲೇ. ನನ್ನ ಗಂಡನಿಗೆ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಕೆಲಸ. ಅಲ್ಲಿಗೆ ಹತ್ತಿರವಾಗುವಂತೆ ಫಹಾಹೀಲ್‌ನಲ್ಲಿ ಒಳ್ಳೆಯ ಮನೆಯೊಂದು ಸಿಕ್ಕಿತ್ತು. ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಾನೇ ಅಡ್ಡ ಹಾಕಿದೆ. ಅದಕ್ಕೂ ಮೊದಲು ಗೆಳತಿಯನ್ನು ಕೇಳಿದ್ದೆ. ‘ನಾನು ಎಲ್ಲಿಗೆ ಹೋಗ್ತೇನೆ ಮಾರಾಯ್ತಿ, ಇಲ್ಲೇ ಇದ್ದೇನಲ್ಲ ನಾನು’ ಎಂದಿದ್ದಳು. ಆ ಮಾತನ್ನು ನಂಬಿ ಫಹಾಹೀಲ್‌ನ ಮನೆ ಬಿಟ್ಟುಕೊಟ್ಟೆವು. ಗಂಡ ಈಗಲೂ ದಿನಾ ಆ ದಾರಿಯ ಟ್ರಾಫಿಕ್ಕಿನಲ್ಲಿ ನನ್ನನ್ನು ಬೈದುಕೊಳ್ಳುತ್ತಾರೆ.

ಕೆನಡಾದ ವಿಷಯವನ್ನೂ ಹೇಳಬೇಕು. ಇಲ್ಲಿ ನಮ್ಮವರು ಕೆನಡಾಕ್ಕೆ ಅರ್ಜಿ ಹಾಕಿದರೆ ಯಾರಿಗೂ ಹೇಳುವುದಿಲ್ಲ. ವೀಸಾ ಬಂದು, ವಿಮಾನ ಹತ್ತಿ, ಅಲ್ಲಿಯ ಹಿಮದಲ್ಲಿ ನಿಂತ ಫೋಟೋ ಹಾಕಿದ ಮೇಲೆಯೇ ಅಕ್ಕಪಕ್ಕದವರಿಗೆ ಗೊತ್ತಾಗುವುದು. ಮೊದಲೇ ಹೇಳಿದರೆ ಕಣ್ಣು ಬೀಳುತ್ತದಂತೆ. ನಾನು ಇದನ್ನೆಲ್ಲ ಆಡಿಕೊಂಡು ನಗುವವಳು. ಎರಡು ವರ್ಷದ ಹಿಂದೆ ನಾವು ಅರ್ಜಿ ಹಾಕಿದ ದಿನವೇ ಅವಳಿಗೆ ಹೇಳಿದ್ದೆ. ಅವಳಿಗೆ ಮಾತ್ರ. ನಮ್ಮದು ಆಗಲಿಲ್ಲ. ಅವತ್ತು ನನ್ನ ಜೊತೆ ಕೂತು ಅತ್ತವಳೂ ಅವಳೇ.

ಇಷ್ಟಿರುವಾಗ ನಮ್ಮ ಆಫೀಸಿನ ಹೈದರಾಬಾದಿನ ಭಾಯಿಯೊಬ್ಬರು ಹೆಂಡತಿಯನ್ನು ಕರೆಸಿಕೊಳ್ಳಲು ಮನೆ ಹೂಡುತ್ತಿದ್ದರು. ಒಂದು ದಿನ ನನ್ನ ಮುಂದೆ ಫೋನು ಹಿಡಿದು, ‘ಮೇಡಂ, ಯೇ ಸೋಫಾ ಕೈಸಾ ಹೈ?’ ಎಂದರು. ಅವರ ಊರಿನವರ ವಾಟ್ಸ್ಯಾಪ್ ಗುಂಪಿಗೆ ಬಂದ ಫೋಟೋ. ಕುವೈತ್ ಬಿಟ್ಟು ಹೋಗುವ ಕುಟುಂಬದ ಸಾಮಾನು ಮಾರಾಟಕ್ಕಿದೆ, ಎಂದು ಕೆಳಗೆ ಬರೆದಿತ್ತು. ಸೋಫಾದ ಕೈಯ ಮೇಲೆ ನನ್ನ ಮಗಳು ಚೆಲ್ಲಿದ ದ್ರಾಕ್ಷಿ ಜ್ಯೂಸಿನ ಕಲೆ. ನಾನೇ ಕ್ರೋಷಾ ಹಾಕಿ ಕೊಟ್ಟ ಕುಶನ್ ಕವರುಗಳು. ಮುಂದಿನ ಫೋಟೋದಲ್ಲಿ ನಾವು ಸೀರಿಯಲ್ ನೋಡುತ್ತಿದ್ದ ಟಿವಿ. ಮಂಗಳೂರಿನವರ ಗುಂಪಿಗೆ ಹಾಕಿದರೆ ನನಗೆ ತಿಳಿಯುತ್ತದೆಂದು ಬೇರೆ ಊರಿನವರ ಗುಂಪಿಗೆ ಹಾಕಿಸಿದ್ದಳು. ‘ಅಚ್ಛಾ ಹೈ ಭಾಯಿ, ಲೇ ಲೋ’ ಎಂದೆ.

ಅವಳಿಗೆ ಫೋನು ಮಾಡಲಿಲ್ಲ. ಅವಳಾಗಿಯೇ ಹೇಳಲಿ ಎಂದು ಶುಕ್ರವಾರದವರೆಗೆ ಹಲ್ಲು ಕಚ್ಚಿಕೊಂಡು ಕಾದೆ. ಅವಳು ಎಂದಿನಂತೆ ಚಹಾ ತಂದಳು, ಎಂದಿನಂತೆ ಕುಶನ್ ತಬ್ಬಿ ಕೂತಳು. ತಂಡದ ಒಳಗಿನವರೇ ಒಬ್ಬರನ್ನೊಬ್ಬರು ಅನುಮಾನಿಸುವ ಭಾಗ ನಡೆಯುತ್ತಿತ್ತು. ‘ಈಗಲಾದರೂ ಹೇಳು ಮಾರಾಯ್ತಿ, ಒಳಗಿದ್ದೇ ಮೋಸ ಮಾಡುವುದು ಯಾರು?’ ಎಂದಳು.

‘ಸೋಫಾ ಹೋಯ್ತಾ?’ ಎಂದೆ.

ಅವಳು ರಿಮೋಟ್ ಒತ್ತಿದಳು. ಪರದೆಯ ಮೇಲಿನವನು ಬಂದೂಕು ಎತ್ತಿಕೊಂಡೇ ನಿಂತ.

‘ಯಾರು ಹೇಳಿದ್ದು ನಿನಗೆ?’

ಮೊದಲು ಬಂದ ಮಾತು ಅದು. ತಪ್ಪಾಯಿತು ಎಂದಲ್ಲ, ಯಾರು ಹೇಳಿದ್ದು ಎಂದು.

‘ಕೆನಡಾವಾ?’

‘ಹೌದು. ಬರುವ ಗುರುವಾರ ಫ್ಲೈಟ್. ಏರ್‌ಪೋರ್ಟಿಂದ ನಿನಗೆ ಫೋನ್ ಮಾಡುವ ಅಂತ ಇದ್ದೆ. ನನ್ನ ತಂಗಿಗೂ ಹೇಳ್ಲಿಲ್ಲ, ದೇವರಾಣೆ. ಬಾಯಿ ಬಿಟ್ಟರೆ ಆಗುವುದೂ ಆಗುದಿಲ್ಲ ಅಂತಾರಲ್ಲ.’

‘ಯಾರ ಕಣ್ಣು ಬೀಳ್ತದೆ ಅಂತ ಹೆದರಿಕೆ? ನನ್ನದಾ?’

‘ಹಾಗಲ್ಲ. ನೀವು ಮೊದಲೇ ಹೇಳಿದ್ರಿ, ನಿಮ್ಮದು ಆಗ್ಲಿಲ್ಲ. ಅದನ್ನು ನೋಡಿ ಹೆದರಿಕೆ ಆಯ್ತು’ ಎಂದಳು.

‘ನಾನು ಹೇಳಿದ್ದು ನಿನಗೊಬ್ಬಳಿಗೆ. ಹಾಗಾದರೆ ನಮ್ಮದಕ್ಕೆ ಬಿದ್ದದ್ದು ನಿನ್ನ ಕಣ್ಣೇ ಅಲ್ವಾ?’

ಅವಳು ಅತ್ತಳು. ಅಂದದ್ದು ಹೆಚ್ಚಾಯಿತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅಷ್ಟು ಶುಕ್ರವಾರ ಪಕ್ಕದಲ್ಲಿ ಕೂತು, ನನ್ನ ಚಹಾಕ್ಕೆ ಸಕ್ಕರೆ ಹಾಕಿ, ನನ್ನ ಕಣ್ಣಿಗೆ ಹೆದರುತ್ತಿದ್ದಳಲ್ಲ! ಇದಕ್ಕೆ ದ್ರೋಹ ಎನ್ನದೆ ಬೇರೆ ಏನೆನ್ನಬೇಕೋ ನನಗೆ ಗೊತ್ತಿಲ್ಲ.

ನಾನು ಏಳುವಾಗ ಅವಳೇ ಕಣ್ಣೊರೆಸಿಕೊಂಡು, ‘ಮಗುವಿಗೆ ಗೊತ್ತುಂಟು. ಸೂಟ್‌ಕೇಸ್ ನೋಡಿಬಿಟ್ಟಿತು. ಅಮ್ಮನಿಗೆ ಹೇಳ್ಬೇಡ ಅಂದಿದ್ದೆ. ಪಾಪ, ಹೇಳ್ಲೇ ಇಲ್ಲ ನೋಡು’ ಎಂದು ಮೆಚ್ಚಿಕೊಂಡಳು. ನಾನು ಬಾಗಿಲು ಎಳೆದುಕೊಂಡು ಬಂದೆ.

ಮಗಳು ಮನೆಯಲ್ಲಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ನನಗೇಕೆ ಹೇಳಲಿಲ್ಲ ಎಂದು ಗದರಿದೆ. ‘ಇಟ್ ವಾಸ್ ಎ ಸೀಕ್ರೆಟ್’ ಎಂದು ತಲೆ ತಗ್ಗಿಸಿದಳು. ಕೆಲವು ವಾರಗಳಿಂದ ಅವಳು ಸರಿಯಾಗಿ ಉಣ್ಣುತ್ತಿರಲಿಲ್ಲ, ಪರೀಕ್ಷೆಯ ಹೆದರಿಕೆ ಇರಬೇಕೆಂದು ನಾನು ಸುಮ್ಮನಿದ್ದೆ. ಹತ್ತಿರ ಕೂರಿಸಿಕೊಂಡು ಮೆಲ್ಲನೆ ಕೇಳಿದಾಗ ಒಂದೊಂದೇ ಹೊರಗೆ ಬಂತು. ‘ನೀವು ಹೋದ ಮೇಲೆ ವ್ಯಾನಿನಿಂದ ಇಳಿದು ನಾನು ಎಲ್ಲಿಗೆ ಹೋಗಬೇಕು?’ ಎಂದು ಆಂಟಿಯನ್ನು ಕೇಳಿದ್ದಳಂತೆ.

‘ಆಂಟಿ ಎಂತ ಹೇಳಿದ್ರು?’ ಎಂದೆ.

ಅದು ಅಮ್ಮನಿಗೆ ಗೊತ್ತಿರುತ್ತದೆ, ಎಂದಿದ್ದಳಂತೆ.