ಏಳನೇ ನಂಬರಿನ ಡಿಸ್ಕು

ಸಂಜಯನಗರದ ಬಾಲರಾಜ್ ಅವರ ಕಂಪ್ಯೂಟರ್ ರಿಪೇರಿ ಅಂಗಡಿಗೆ ಯಾವ ಹಳೆಯ ಯಂತ್ರ ಬಂದರೂ "ರಾಧಾಮಣಿ ಹತ್ರ ಕೊಡಿ" ಎನ್ನುವುದು ಮಾಲೀಕರ ರೂಢಿ. ರುಖ್ಸಾರ್ ಕೆಲಸಕ್ಕೆ ಸೇರಿದ ಮೇಲೆ ಅದು "ರುಖ್ಸಾರ್‌ಗೂ ಒಂದ್ಸಲ ತೋರ್ಸಿ" ಎಂದಾಯಿತು. ರಾಧಾಮಣಿಗೆ ಹೊಟ್ಟೆ ಉರಿಯಲು ಅಷ್ಟು ಸಾಕಾಯಿತು. ತಾನೇ ಕೈಹಿಡಿದು ಕೆಲಸ ಕಲಿಸಿದ ಹುಡುಗಿ! ಅವಳ ನಗು ಕಂಡರಾಗದು. ಅವಳು ಹಬ್ಬಕ್ಕೆ ತಂದ ಶೀರ್ ಖುರ್ಮಾ ಪಾಯಸ ಮಾತ್ರ ಬೇಡವೆನ್ನಲಾಗದು.

ಯಶವಂತಪುರದ ಉಮೇಶ್ ಅವರ ಪ್ರೆಸ್ಸಿನಲ್ಲಿ ಒಂದು ಮುದಿ ಕಂಪ್ಯೂಟರು ಇನ್ನೂ ಓಡುತ್ತಿದೆ. ಅದರ ಉಸ್ತುವಾರಿ ಮೊದಲಿನಿಂದಲೂ ರಾಧಾಮಣಿಯದು. ಈ ಸಲ ಅದರ ಎರಡು ಡಿಸ್ಕುಗಳು ಒಟ್ಟಿಗೆ ಕೆಟ್ಟಾಗ ಬಾಲರಾಜ್ ಇಬ್ಬರಿಗೂ ಒಂದೊಂದು ಕೊಟ್ಟು, "ಇಬ್ರೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ ತನ್ನಿ. ಇನ್ಮೇಲೆ ಪ್ರೆಸ್ ಯಾರು ನೋಡ್ಕೋಬೇಕು ಅಂತ ಆಮೇಲೆ ಹೇಳ್ತೀನಿ" ಎಂದುಬಿಟ್ಟರು.

ಆ ಯಂತ್ರದಲ್ಲಿ ಡಿಸ್ಕುಗಳು ಒಂದೇ ಕೇಬಲ್ಲಿಗೆ ಸಾಲಾಗಿ ಕೂರುತ್ತವೆ. ಪ್ರತಿಯೊಂದಕ್ಕೂ ಒಂದು ನಂಬರು; ಜಂಪರ್ ಎಂಬ ಅಕ್ಕಿಕಾಳಿನಷ್ಟು ಬಿರಡೆಗಳನ್ನು ಚುಚ್ಚಿ ನಾವೇ ಕೊಡಬೇಕು. ಕಂಪ್ಯೂಟರು ಎದ್ದಾಗ ಕರ್ನಲ್ ಎಂಬ ಅದರ ಒಳಗಿನ ಯಜಮಾನ ಶಾಲೆಯ ಮೇಷ್ಟ್ರ ಹಾಗೆ ಸೊನ್ನೆಯಿಂದ ಹಾಜರಿ ಕೂಗುತ್ತಾನೆ. ತನ್ನ ನಂಬರು ಬಂದಾಗ ಡಿಸ್ಕು ಹೆಸರು, ಕುಲಗೋತ್ರ ಒಪ್ಪಿಸಬೇಕು. ಉತ್ತರವಿಲ್ಲದಿದ್ದರೆ ಅಲ್ಲಿ ಯಾರೂ ಇಲ್ಲವೆಂದು ಮುಂದಿನ ನಂಬರು. ಕೇಬಲ್ಲಿನಲ್ಲಿ ಇಬ್ಬರು ಒಟ್ಟಿಗೆ ದಾರಿ ಕೇಳಿದರೆ ದೊಡ್ಡ ನಂಬರಿನವರಿಗೆ ಮೊದಲು. ಏಳು ಮಾತ್ರ ಕೇಬಲ್ಲಿನ ತುದಿಯಲ್ಲಿ ಕೂತು ಯಜಮಾನನ ಪರವಾಗಿ ಹಾಜರಿ ಕೂಗುವ ಕಾರ್ಡಿನದೇ. ಅದನ್ನು ಯಾವ ಡಿಸ್ಕಿಗೂ ಕೊಡುವಂತಿಲ್ಲ.

ಪ್ರೆಸ್ಸಿಗೆ ಹೋದ ದಿನ ರಾಧಾಮಣಿ ತಾನು ಕಾಪಿ ಮಾಡಿ ತಂದ ಡಿಸ್ಕಿಗೆ ಮೂರು ಹಾಕಿದ್ದಳು. ಪಕ್ಕಕ್ಕೆ ಕಣ್ಣು ಹಾಯಿಸಿದರೆ ರುಖ್ಸಾರಳದು ಆರು!

"ಆರು ಯಾಕೆ ಹಾಕ್ದೆ?"

"ಖಾಲಿ ಇತ್ತಲ್ವಾ ಅಕ್ಕ, ಹಾಕ್ದೆ."

ಖಾಲಿ ಇತ್ತಂತೆ! ಎಲ್ಲ ಗೊತ್ತಿದ್ದೇ ಹಾಕಿದ್ದಾಳೆ, ನನ್ನನ್ನು ಹಿಂದಕ್ಕೆ ತಳ್ಳಲು. ರುಖ್ಸಾರ್ ಕೈ ತೊಳೆಯಲು ಹೋದದ್ದೇ ತಡ, ರಾಧಾಮಣಿ ಇನ್ನೊಂದು ಜಂಪರ್ ಚುಚ್ಚಿ ತನ್ನದನ್ನು ಏಳು ಮಾಡಿದಳು. ಆರಕ್ಕಿಂತ ಏಳು ದೊಡ್ಡದು. ಆ ಗಳಿಗೆಯಲ್ಲಿ ತಲೆಯಲ್ಲಿದ್ದದ್ದು ಅಷ್ಟೇ.

ಬಾಲರಾಜ್, ಉಮೇಶ್ ಇಬ್ಬರೂ ಬಂದು ನಿಂತರು. ಯಂತ್ರ ಎದ್ದಿತು. ಪರದೆಯ ಮೇಲೆ ಸೊನ್ನೆಯಲ್ಲಿ ರಾಧಾಮಣಿಯ ಡಿಸ್ಕು. ಒಂದರಲ್ಲೂ ಅದೇ. ಎರಡು, ಮೂರು, ಕೊನೆಗೆ ಆರರಲ್ಲೂ ಅವಳದೇ. ರುಖ್ಸಾರಳದು ಎಲ್ಲೂ ಇಲ್ಲ.

"ಏನ್ರೀ ಇದು, ಎಲ್ಲಾ ಕಡೆ ರಾಧಮ್ಮಂದೇ ದರ್ಬಾರು!" ಎಂದು ಉಮೇಶ್ ನಕ್ಕರು.

ಒಂದು ಕ್ಷಣ ರಾಧಾಮಣಿಗೂ ಹಿಗ್ಗೇ. ಮರುಕ್ಷಣ ತಪ್ಪು ಹೊಳೆಯಿತು. ಕೂಗುವವರ ನಂಬರನ್ನೇ ಕದ್ದ ಡಿಸ್ಕು, ಯಾರನ್ನು ಕೂಗಿದರೂ ತಾನೇ ಓಗೊಡುತ್ತದೆ. ಇದನ್ನು ರುಖ್ಸಾರ್‌ಗೆ ಮೊದಲ ವಾರವೇ ಹೇಳಿಕೊಟ್ಟು, ಇಂಥ ತಪ್ಪು ಮಾಡುವವರನ್ನು ನೆನೆದು ನಕ್ಕವಳೂ ತಾನೇ. ಬಾಲರಾಜ್ ವ್ಯಾಪಾರಿ, ಅವರಿಗೆ ತಿಳಿಯದು. ರುಖ್ಸಾರ್‌ಗೆ ತಿಳಿಯುತ್ತದೆ.

ರುಖ್ಸಾರ್ ಪರದೆ ನೋಡಿದಳು, ರಾಧಾಮಣಿಯ ಮುಖ ನೋಡಿದಳು. ನನ್ನ ಕಥೆ ಮುಗಿಯಿತು ಎಂದುಕೊಂಡಳು ರಾಧಾಮಣಿ.

"ಸಾರಿ ಸರ್, ನಾನು ಕೇಬಲ್ ಸರಿಯಾಗಿ ಹಾಕಿಲ್ಲ ಅನ್ಸುತ್ತೆ" ಎನ್ನುತ್ತ ರುಖ್ಸಾರ್ ಯಂತ್ರ ಆರಿಸಿ ಬಗ್ಗಿದಳು. ಕೇಬಲ್ ಮುಟ್ಟಿದಂತೆ ಮಾಡಿ ರಾಧಾಮಣಿಯ ಡಿಸ್ಕಿನಿಂದ ಒಂದು ಜಂಪರ್ ಕಿತ್ತು, ಯಾರಿಗೂ ಕಾಣದ ಹಾಗೆ ಅವಳ ಅಂಗೈಗೆ ಇಟ್ಟಳು. ಈ ಸಲ ಮೂರರಲ್ಲಿ ಒಂದು, ಆರರಲ್ಲಿ ಒಂದು, ಎರಡೂ ಹಾಜರು.

"ನೋಡ್ಕೊಂಡು ಮಾಡಮ್ಮ" ಎಂದು ಅವಳನ್ನು ಗದರಿದ ಬಾಲರಾಜ್, "ಪ್ರೆಸ್ಸನ್ನ ರಾಧಾಮಣಿನೇ ನೋಡ್ಕೊಳ್ಲಿ ಬಿಡಿ, ಉಮೇಶ್" ಎಂದರು.

ತಪ್ಪು ನನ್ನದು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಬಾಯಿಂದ ಬಂದದ್ದು "ಆಯ್ತು ಸರ್".

ಬಸ್ ಸ್ಟಾಪಿನ ಹತ್ತಿರ ರುಖ್ಸಾರ್ ಏನೂ ಆಗದವಳಂತೆ "ಟೀ ಕುಡಿಯೋಣ್ವಾ ಅಕ್ಕ?" ಎಂದಳು. ಒಂದು ಕೊಂಕಿಲ್ಲ, ಮುಖದಲ್ಲಿ ಹಮ್ಮಿಲ್ಲ. ರಾಧಾಮಣಿಯ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು. ಕೆಲಸದಲ್ಲಿ ಮುಂದೆ ಹೋಗಿದ್ದರೆ ಹೇಗೋ ಬೆನ್ನಟ್ಟಬಹುದಿತ್ತು. ಇಷ್ಟು ಒಳ್ಳೆಯತನವನ್ನು ಎಲ್ಲಿಂದ ತರುವುದು? ಟೀ ದುಡ್ಡನ್ನಾದರೂ ತಾನೇ ಕೊಡಬೇಕೆಂದು ಪರ್ಸಿಗೆ ಕೈ ಹಾಕಿದಳು.

ರುಖ್ಸಾರ್ ಆಗಲೇ ಕೊಟ್ಟಾಗಿತ್ತು.