ಗೋಡೆಯಾಚೆಯ ಜೊತೆಗಾರ

ಮೊನ್ನೆ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಅಂಗಡಿಯವನು ಮಾವಿನ ರಾಶಿಯ ಮೇಲಿದ್ದ ಗೋಣಿಚೀಲ ಸರಿಸಿದಾಗ ಕಾರ್ಬೈಡಿನ ವಾಸನೆ ಮೂಗಿಗೆ ಹೊಡೆಯಿತು. ಹಣ್ಣು ಕೊಳ್ಳದೆ ಬಸ್ಸು ಹಿಡಿದು ಬಂಗಾರಪೇಟೆಗೆ ವಾಪಸಾದೆ. ವರ್ಷಗಳ ಹಿಂದೆ ನಮ್ಮ ಜೈಲಿನಲ್ಲಿದ್ದ ಕೈದಿಯೊಬ್ಬ ಆ ವಾಸನೆ ಬಂತೆಂದು ಇದ್ದಕ್ಕಿದ್ದಂತೆ ತಲೆಯೆತ್ತುತ್ತಿದ್ದ. "ಬಂದ ಸಾರ್, ದೀಪ ಇಡ್ಕಂಡು ಬತ್ತಾವ್ನೆ" ಅನ್ನುತ್ತಿದ್ದ. ಜೈಲಿನೊಳಗೆ ಕಾರ್ಬೈಡು ಎಲ್ಲಿಂದ ಬರಬೇಕು…

ನಾನು ಆಗ ಜೈಲಿನಲ್ಲಿ ಹೆಡ್ ವಾರ್ಡರ್. ಗಂಟೆ ಹೊಡೆದರೆ ಬೀಗ ತೆಗೆಯುವುದು, ಗಂಟೆ ಹೊಡೆದರೆ ಊಟ, ಮತ್ತೆ ಗಂಟೆ ಹೊಡೆದರೆ ಬೀಗ. ಆ ಶಿಸ್ತು ನನಗೆ ಹಿಡಿಸಿತ್ತು. ಅವನು ವಿಚಾರಣಾಧೀನ ಕೈದಿ, ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಗಳಲ್ಲಿದ್ದ ಹಳೆಯ ಕಾರ್ಮಿಕ. ಗಣಿಗಳು ಮುಚ್ಚಿ ಕೆಲವು ವರ್ಷಗಳಾಗಿದ್ದವು. ಮುಚ್ಚಿದ ಗಣಿಬಾವಿಯೊಂದರ ಬೇಲಿ ಕಿತ್ತು ಒಳಗಿಳಿಯಲು ಹೋಗಿ, ತಡೆದ ಕಾವಲುಗಾರನ ತಲೆ ಒಡೆದಿದ್ದ. ಯಾಕೆಂದು ಕೇಳಿದರೆ ಒಂದೇ ಉತ್ತರ: "ನನ್ ಜೊತೆಗಾರ ಕೆಳಗೇ ಅವ್ನೆ."

ಆ ಜೊತೆಗಾರ, ಕಾರ್ಬೈಡ್ ದೀಪ ಹಿಡಿದು ಗಣಿಗಿಳಿಯುತ್ತಿದ್ದ ಕಾಲದಲ್ಲೇ, ಸುರಂಗದ ಬಂಡೆ ಸಿಡಿದು ಸತ್ತಿದ್ದ. ಹೆಣ ಸಿಕ್ಕಿರಲಿಲ್ಲ. ಗಣಿಯಲ್ಲಿ ಇವರಿಬ್ಬರೂ ಜೋಡಿಯಾಗಿ ಇಳಿದು ಜೋಡಿಯಾಗಿಯೇ ಮೇಲೆ ಬರುತ್ತಿದ್ದರಂತೆ. ಬಂಡೆ ಕುಸಿದು ಯಾರಾದರೂ ಸಿಕ್ಕಿಕೊಂಡರೆ ಈಚೆಯವರು ಕಬ್ಬಿಣದಿಂದ ಬಂಡೆ ಬಡಿದು, ಆಚೆಯಿಂದ ಉತ್ತರ ಬರುತ್ತದೇನೋ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಅವನು ಜೈಲಿನಲ್ಲೂ ಅದನ್ನೇ ಮಾಡಿದ. ಊಟದ ತಟ್ಟೆಯಿಂದ ಹಿಂಗೋಡೆಯನ್ನು ಬಡಿದು ಕಿವಿ ಒತ್ತಿ ನಿಲ್ಲುತ್ತಿದ್ದ. ಮೊದಮೊದಲು ಬ್ಯಾರಕ್ಕಿನವರಿಗೆ ಅದು ತಮಾಷೆ. "ಏನ್ಲಾ, ಚಿನ್ನ ಸಿಕ್ತಾ? ನಮ್ಗೂ ಪಾಲು ಮಡಗ್ಲಾ," ಎಂದು ಕಳ್ಳತನದ ಮೇಲೆ ಬಂದಿದ್ದವನೊಬ್ಬ ಕೂಗಿದರೆ ಎಲ್ಲರೂ ನಗುತ್ತಿದ್ದರು. ಇವನು, "ಸುಮ್ಕಿರ್ಲಾ, ಕೇಳ್ಸಾಕಿಲ್ಲ," ಎನ್ನುತ್ತಿದ್ದ. ದಿನ ಕಳೆದಂತೆ ನಗು ನಿಂತಿತು. ಅವನು ಬಡಿದರೆ ಇಡೀ ಬ್ಯಾರಕ್ಕೇ ಮಾತು ನಿಲ್ಲಿಸಿ ಕಾಯತೊಡಗಿತು. ಉಣ್ಣುವವರ ಕೈ ಕೂಡ ತಟ್ಟೆಯ ಮೇಲೆ ಹಾಗೇ ನಿಲ್ಲುತ್ತಿತ್ತು…

ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ಅವನು ಬಡಿದ. ಆಚೆಯಿಂದ ಯಾರೋ ನಿಧಾನವಾಗಿ ಬಡಿದರು. ಕೂಡಲೇ ಸುತ್ತಿಕೊಂಡು ಹೋಗಿ ನೋಡಿದೆ. ಖಾಲಿ ಅಂಗಳ, ಬಿಸಿಲು, ಅಷ್ಟೇ. ಒಳಗೆ ಬಂದಾಗ ಆ ಕಳ್ಳ ನನ್ನ ಮುಖವನ್ನೇ ನೋಡುತ್ತಿದ್ದ.

ಕ್ಯಾಸಂಬಳ್ಳಿಯಿಂದ ಅವನ ಅಕ್ಕ ಬರುತ್ತಿದ್ದಳು. ಹಾಲು ಮಾರಿ ಬದುಕುತ್ತಿದ್ದ ಹೆಂಗಸು. "ಇವತ್ತಾದ್ರೂ ಕಳಿಸ್ತೀರಾ ಸಾರ್?" ಅದೊಂದೇ ಪ್ರಶ್ನೆ. ಅವನನ್ನು ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕೆಂದು ವೈದ್ಯರು ಬರೆದಿದ್ದರು, ಕೋರ್ಟೂ ಒಪ್ಪಿತ್ತು. ಆದರೆ ಕರೆದೊಯ್ಯಲು ಪೊಲೀಸರು ಸಿಗುತ್ತಿರಲಿಲ್ಲ. ಬಂದೋಬಸ್ತು, ಚುನಾವಣೆ, ಮತ್ತೆ ಬಂದೋಬಸ್ತು. ಅಷ್ಟರಲ್ಲಿ ಅವನು ಸೊರಗುತ್ತಿದ್ದ. ಅರ್ಧ ಊಟವನ್ನು ಜೊತೆಗಾರನಿಗೆಂದು ಗೋಡೆಯ ಬುಡದಲ್ಲಿಡುತ್ತಿದ್ದ. ಜೊತೆಗೆ ಗಣಿಯ ಧೂಳು ತಿಂದ ಎದೆಯ ಕೆಮ್ಮು.

ಕೊನೆಗೊಂದು ದಿನ ವ್ಯಾನು ಬಂತು. ಅವನು ಕಂಬಿ ತಬ್ಬಿ ಕೂತುಬಿಟ್ಟ. "ಅವ್ನನ್ನ ಬಿಟ್ಟು ಎಂಗೆ ಓಗ್ಲಿ ಸಾರ್? ಒಬ್ನೇ ಮೇಲಕ್ಕೆ ಓಗ್ಬಾರ್ದು." ಎಳೆದರೂ ಬೆರಳು ಬಿಡಲಿಲ್ಲ. ಪೊಲೀಸಿನವರು ಇನ್ನೊಂದು ದಿನ ಬರುತ್ತೇವೆಂದು ತಿರುಗಿದರು. ಇನ್ನೊಂದು ದಿನ ಎಂದರೆ ಏನೆಂದು ಗೇಟಿನ ಬಳಿ ಕಾಯುತ್ತಿದ್ದ ಅಕ್ಕನಿಗೆ ಗೊತ್ತಿತ್ತು. ನಾನು ಅವಳನ್ನು ಬ್ಯಾರಕ್ಕಿನವರೆಗೆ ಬಿಟ್ಟೆ. ಅವಳು ತಮ್ಮನ ಭುಜದಾಚೆ ಗೋಡೆಯನ್ನು ನೋಡಿ ಕೂಗಿದಳು: "ಲೇ, ಇಬ್ರೂ ಬರ್ರಲಾ! ಇಬ್ರಿಗೂ ಜಾಗ ಐತೆ." ಪೊಲೀಸಿನವನತ್ತ ತಿರುಗಿ, "ವ್ಯಾನ್‌ನಾಗೆ ಒಸಿ ಸರ್ಕೊಳಪ್ಪಾ, ಇಬ್ರು ಕೂತ್ಕೋಬೇಕು," ಎಂದಳು.

ಅವನು ಗೋಡೆಗೆ ಬಾಯಿ ಹಚ್ಚಿ ಏನೋ ಹೇಳಿ ಎದ್ದ. ವ್ಯಾನಿನ ಬಾಗಿಲಲ್ಲಿ ಪಕ್ಕಕ್ಕೆ ಸರಿದು, ಯಾರನ್ನೋ ಮೊದಲು ಹತ್ತಿಸಿ, ಆಮೇಲೆ ತಾನು ಹತ್ತಿದ. ನಗುತ್ತಿದ್ದ ಪೊಲೀಸಿನವನು ನಗು ನಿಲ್ಲಿಸಿ ಸೀಟಿನ ತುದಿಗೆ ಸರಿದು ಕೂತ.

ಆಸ್ಪತ್ರೆಯ ಮಾತ್ರೆ ಕೆಲಸ ಮಾಡಿತು. ಕೆಲವು ವಾರಗಳ ಮೇಲೆ ಅವನ ಬಟ್ಟೆ ಒಯ್ಯಲು ಬಂದ ಅಕ್ಕನೇ ಹೇಳಿದಳು. "'ಅವ್ನು ಸತ್ತೋಗಿ ಭಾಳ ಕಾಲ ಆಗೈತೆ ಅಲ್ವಾ ಅಕ್ಕಾ' ಅಂದ ಸಾರ್. ಅವತ್ತೇ ಸತ್ತವ್ನೇನೋ ಅನ್ನಂಗೆ ಅತ್ತ. ಆಮೇಲೆ ಎದೆ ಕೈ ಕೊಡ್ತು, ಓಗ್ಬುಟ್ಟ. ಇನ್ನೊಂದೀಟು ಬೇಗ ಕಳ್ಸಿದ್ರೆ ನಮ್ಮನೇಗೆ ಬಂದು ನಾಕ್ ದಿನ ಇರ್ತಿದ್ದ." ದನಿಯಲ್ಲಿ ಸಿಟ್ಟಿರಲಿಲ್ಲ.

ಆ ಅಕ್ಕನೂ ಹೋದಳೆಂದು ಕ್ಯಾಸಂಬಳ್ಳಿಯ ಕಡೆಯವರೊಬ್ಬರು ಹೇಳಿದರು. ಅವನನ್ನು ನೆನೆಯುವವನು ಇನ್ನು ನಾನೊಬ್ಬನೇ ಇರಬೇಕು. ಬುದ್ಧಿ ನೆಟ್ಟಗಾದ ಮೇಲೆ ಅವನಿಗೆ ಉಳಿದದ್ದು ಕೆಲವೇ ದಿನ. ಆ ದಿನಗಳನ್ನು ಅವನು ಒಬ್ಬನೇ ಕಳೆದ.