ಸಾವಿತ್ರಿಯ ಕೈಗುಣ

ಕೆಂಚನನ್ನು ಕೆಡಿಸಿದವಳು ನಾನು. ಒಬ್ಬರ ಕೈಯಿಂದ ಬಿಟ್ಟರೆ ಬೇರೆ ಯಾರ ತುತ್ತನ್ನೂ ಮುಟ್ಟದಿದ್ದ ಆ ನಾಯಿಗೆ, ಕಂಡಕಂಡವರ ಮುಂದೆ ಬಾಲ ಅಲ್ಲಾಡಿಸಿ ತಿನ್ನುವುದನ್ನು ಕಲಿಸಿದ್ದು ನಾನು. ಅದು ವಿಷದ ತುಂಡು ತಿಂದು ಸತ್ತಾಗ, ತಪ್ಪೆಲ್ಲ ನನ್ನ ವಾರಗಿತ್ತಿ ಸಾವಿತ್ರಿಯ ತಲೆಯ ಮೇಲೆ ಬಿದ್ದಾಗ, ಬಾಯಿಗೆ ಬೀಗ ಹಾಕಿಕೊಂಡು ನಿಂತದ್ದೂ ನಾನೇ. ಇಲ್ಲ — ಇದೂ ಸುಳ್ಳು. ಬೀಗ ಹಾಕಿಕೊಂಡಿರಲಿಲ್ಲ. ಒಂದು ಮಾತು ಆಡಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಕಾರಣ ಹೊಟ್ಟೆಕಿಚ್ಚು. ಅದಕ್ಕೊಂದು ಚಂದದ ಹೆಸರು ಹುಡುಕಲು ವರ್ಷಗಟ್ಟಲೆ ಹೆಣಗಿದ್ದೇನೆ, ಸಿಕ್ಕಿಲ್ಲ.

ನಮ್ಮದು ಕುಣಿಗಲ್ ತಾಲ್ಲೂಕು, ಮಾರ್ಕೋನಹಳ್ಳಿ ಡ್ಯಾಮಿನ ಕಾಲುವೆ ಕೆಳಗಿನ ತೋಟದ ಮನೆ. ಊರು ಅಲ್ಲಿಂದ ದೂರ. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಒಂದು ಮನೆಯೂ ಇಲ್ಲ. ನಾನು ಹಿರಿಸೊಸೆ, ತುಮಕೂರು ಪೇಟೆಯಲ್ಲಿ ಹುಟ್ಟಿ ಬೆಳೆದವಳು — ಆ ಜಂಬ ಬೇರೆ. ಸಾವಿತ್ರಿ ನನ್ನ ಮೈದುನನ ಹೆಂಡತಿ, ಗುಬ್ಬಿ ಕಡೆಯ ಹಳ್ಳಿಯವಳು. ಮೈದುನನಿಗೆ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ರೂಮು. ಭಾನುವಾರ ಬಂದು ಮುಖ ತೋರಿಸಿ ಸೋಮವಾರ ಬೈಕು ಹತ್ತುತ್ತಿದ್ದ. ಗಂಡ ವಾರವೆಲ್ಲ ಮನೆಯಲ್ಲಿಲ್ಲ, ಮಕ್ಕಳೂ ಆಗಲಿಲ್ಲ. ಅಂಥವಳಿಗೆ ಆ ಮನೆಯಲ್ಲಿ ನನಗಿಂತ ಒಂದು ತೂಕ ಹೆಚ್ಚು ಬೆಲೆ ಯಾಕೆ ಎಂಬುದೇ ನನ್ನ ಸಂಕಟ.

ಬೆಲೆ ಬಂದದ್ದು ಅವಳ ಕೈಗುಣದಿಂದ. ಅವಳು ನೆಟ್ಟ ಸಸಿ ಒಣಗುತ್ತಿರಲಿಲ್ಲ. ಅವಳು ಕಾವಿಗೆ ಕೂರಿಸಿದ ಕೋಳಿಯ ಮೊಟ್ಟೆ ಒಂದೂ ಕೆಡುತ್ತಿರಲಿಲ್ಲ. ನನ್ನನ್ನು ಕಂಡರೆ ಒದೆಯುವ ಹಸು ಅವಳು ಕೂತರೆ ತೆಪ್ಪಗೆ ನಿಲ್ಲುತ್ತಿತ್ತು. ನಾಟಿಯ ದಿನ ಗದ್ದೆಗೆ ಮೊದಲ ಪೈರು ಅವಳ ಕೈಯಿಂದಲೇ ಬೀಳಬೇಕು. ಊರಿನ ಬಸುರಿಯರಿಗೆ ಬಳೆ ತೊಡಿಸಲು ಕೂಡ, ಮಕ್ಕಳಿಲ್ಲದವಳು ಎಂದು ನೋಡದೆ, ಅವಳನ್ನೇ ಕರೆಯುತ್ತಿದ್ದರು. ಬಂಜೆ ಎಂಬ ಮಾತು ಯಾರ ಬಾಯಿಂದಲೂ ಬಾರದ ಹಾಗೆ ಅವಳನ್ನು ಕಾಪಾಡಿಕೊಂಡು ಬಂದದ್ದು ಆ ಕೈಗುಣ ಒಂದೇ. ಅದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು — ಅದಕ್ಕೇ ಈಗ ಹೇಳುವುದು ಕಷ್ಟ.

ನನ್ನ ಮಗಳು ಅಶ್ವಿನಿ ಸಹ ಚಿಕ್ಕಮ್ಮ ಜಡೆ ಹೆಣೆದರಷ್ಟೇ ಸ್ಕೂಲಿಗೆ ಹೊರಡುತ್ತಿದ್ದಳು. ನಾನು ಹೆಣೆದರೆ ಬಿಗಿಯಂತೆ, ನೋವಂತೆ. ಹೆತ್ತವಳು ನಾನು, ಒಗ್ಗುವುದು ಅವಳ ಕೈ. ಬಾಗಿಲ ಮರೆಯಲ್ಲಿ ನಿಂತು ಅವರಿಬ್ಬರ ನಗು ಕೇಳಿಸಿಕೊಳ್ಳುತ್ತಾ ಎಷ್ಟು ಸಲ ಹೊಟ್ಟೆ ಉರಿದುಕೊಂಡಿದ್ದೇನೋ, ಲೆಕ್ಕವಿಲ್ಲ.

ಮನೆಯ ಹಳೆಯ ನಾಯಿ ವಯಸ್ಸಾಗಿ ಸತ್ತ ಮೇಲೆ ಹೊಸದು ತರುವ ಮಾತು ಬಂತು. ಸುತ್ತಲಿನ ತೋಟದ ಮನೆಗಳಲ್ಲಿ ಪಂಪ್‌ಸೆಟ್ಟಿನ ಕೇಬಲ್ಲು, ಕುರಿ, ತಾಮ್ರದ ಹಂಡೆ ಎಲ್ಲ ಕಳುವಾಗುತ್ತಿದ್ದ ಕಾಲ. ತುಮಕೂರಿನ ನಮ್ಮಣ್ಣನ ಮನೆಯಲ್ಲಿ ಜರ್ಮನ್ ಶೆಫರ್ಡ್ ಮರಿ ಹಾಕಿತ್ತು. ಅದನ್ನೇ ತರೋಣ, ನೋಡಿದವರು ಗೇಟಿನಲ್ಲೇ ಬೆವೆತು ಹೋಗಬೇಕು ಎಂದು ನಾನು ಬಡಾಯಿ ಕೊಚ್ಚಿದೆ. ಹಾಗೆ ನೋಡಿದರೆ ನನಗೆ ನಾಯಿ ಬೇಕಿರಲಿಲ್ಲ. ನನ್ನ ತವರಿನದೊಂದು ಆ ಮನೆಯ ಬಾಗಿಲಲ್ಲಿ ಕೂರಬೇಕಿತ್ತು, ಅಷ್ಟೇ. ಅತ್ತೆ ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ಆಮೇಲೆ ಸಾವಿತ್ರಿಯ ಕಡೆ ತಿರುಗಿ, ನೀನೇನಂತೀಯ ಎಂದು ಕೇಳಿದರು. ಅಷ್ಟು ಕೂದಲಿನ ನಾಯಿ ನಮ್ಮ ಬಿಸಿಲಿಗೆ ಏದುಸಿರು ಬಿಡುತ್ತದೆ, ಅದಕ್ಕೆ ಬೇರೆ ಊಟ, ಹುಷಾರು ತಪ್ಪಿದರೆ ಕುಣಿಗಲ್‌ಗೆ ಓಡಬೇಕು. ಮುದ್ದೆ ಸಾರು ತಿಂದುಕೊಂಡು ಬಿಸಿಲು ಮಳೆ ಎನ್ನದೆ ತಿರುಗುವ ನಾಟಿ ನಾಯಿಯೇ ಒಂಟಿ ಮನೆಗೆ ವಾಸಿ, ನಮ್ಮ ತವರಲ್ಲಿ ಮರಿಗಳಿವೆ ಎಂದಳು ಅವಳು, ಮೆಲ್ಲಗೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ತಪ್ಪು ಹೇಳಿದ್ದರೆ ನಾನು ಅವಳನ್ನು ಕ್ಷಮಿಸಿಬಿಡುತ್ತಿದ್ದೆನೇನೋ.

ಅತ್ತೆ, ನಾನು, ಅವಳು ಬಸ್ಸು ಹತ್ತಿ ಗುಬ್ಬಿಗೆ ಹೋದೆವು. ಅತ್ತೆ ಒಂದೊಂದೇ ಮರಿಯ ಕತ್ತಿನ ಚರ್ಮ ಹಿಡಿದೆತ್ತಿ ಕುಂಯ್ ಅನ್ನುತ್ತದೋ ಇಲ್ಲವೋ ನೋಡಿದರು, ಕಾಲಿನ ಉಗುರು ಎಣಿಸಿದರು. ನಾನು ಎಲ್ಲಕ್ಕಿಂತ ದಪ್ಪಗಿದ್ದುದನ್ನು ತೋರಿಸಿದೆ. ಸಾವಿತ್ರಿ ಒಂದು ತುಂಡು ಮುದ್ದೆಯನ್ನು ಅಂಗೈಯಲ್ಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಳು. ಮರಿಗಳೆಲ್ಲ ಮುಗಿಬಿದ್ದವು. ಕೆಂಚು ಬಣ್ಣದ್ದೊಂದು ಮಾತ್ರ ಹಿಂದೆ ನಿಂತು ಅವಳ ಮುಖವನ್ನೇ ನೋಡುತ್ತಿತ್ತು.

"ಇದೇ ಇರ್ಲಿ ಅತ್ತೆ," ಎಂದಳು. "ತಿನ್ನೋದು ಕಂಡ್ರೂ, ಕೊಡ್ತಿರೋರು ಯಾರು ಅಂತ ನೋಡ್ತದೆ."

ಮರಿ ಮನೆಗೆ ಬಂದ ದಿನವೇ ಅತ್ತೆ ಕಟ್ಟು ಮಾಡಿದರು. ಒಂಟಿ ಮನೆ ಕಾಯುವ ನಾಯಿ ಒಬ್ಬರ ಕೈಯಿಂದಷ್ಟೇ ತಿನ್ನಬೇಕು. ಮಿಕ್ಕವರು ಯಾರು ಏನು ಹಾಕಿದರೂ ಮೂಸಬಾರದು, ಹಾಗೆ ಪಳಗಿಸಬೇಕು. ಆ ಕೈ ಸಾವಿತ್ರಿಯದು. ನನ್ನ ಗಂಡನಿಗೆ ಹೇಳಲಿಲ್ಲ, ಅಶ್ವಿನಿಗೆ ಹೇಳಲಿಲ್ಲ, ನನ್ನನ್ನು ಮಾತ್ರ ಬೇರೆಯಾಗಿ ಕರೆದು, ನೀನು ಹಾಕಬೇಡ ದೊಡ್ಡೋಳೆ ಎಂದರು. ಅವರು ನನ್ನನ್ನು ಸರಿಯಾಗಿಯೇ ಅಳೆದಿದ್ದರು, ಅದಕ್ಕೇ ಅಷ್ಟು ಉರಿಯಿತು.

ಕೆಂಚ ಬೆಳೆದು ಎಂಥ ನಾಯಿಯಾಯಿತೆಂದರೆ, ಬಂದ ನೆಂಟರು ಬಾಡಿನ ಮೂಳೆ ಎಸೆದರೂ ಪಕ್ಕಕ್ಕೆ ಸರಿದು ಕೂರುತ್ತಿತ್ತು. ಸಾವಿತ್ರಿ ತಟ್ಟೆ ಹಿಡಿದು ಬಂದರೆ ಮಾತ್ರ ಏಳುತ್ತಿತ್ತು. ಎಲ್ಲರೂ ಹೊಗಳುವುದು ನಾಯಿಯನ್ನಲ್ಲ, ಅವಳ ಕೈಯನ್ನು. ನಾನು ಮೂಗು ಮುರಿದುಕೊಂಡು ಒಳಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ, ಅವಳು ಕಾಲುವೆಗೆ ಬಟ್ಟೆ ಒಗೆಯಲು ಹೋಗಿದ್ದಾಗ, ತುಪ್ಪ ಸವರಿದ ಚಪಾತಿ ಹಿಡಿದು ಕೆಂಚನ ಮುಂದೆ ಕೂತೆ. ಅದು ಮುಖ ತಿರುಗಿಸಿತು. ನಾಯಿ ಮುಖ ತಿರುಗಿಸಿದ್ದಕ್ಕೆ ನನಗೆ ಅಳು ಬಂತು ಅಂದರೆ ನಂಬುತ್ತೀರಾ? ಮಾರನೆಯ ದಿನ ಮತ್ತೆ ಕೂತೆ. ಅದರ ಮಾರನೆಯ ದಿನವೂ. ಡ್ಯಾಮಿನ ಮೀನು ಹುರಿದು, ಮುಳ್ಳು ಬಿಡಿಸಿ, ಅಂಗೈಯಲ್ಲಿಟ್ಟು ಕಾದೆ. ನನ್ನ ಮಗಳಿಗೂ ಅಷ್ಟು ತಾಳ್ಮೆಯಿಂದ ಉಣಿಸಿರಲಿಲ್ಲ. ಕೊನೆಗೊಂದು ದಿನ ಅದು ಅತ್ತ ಇತ್ತ ನೋಡಿ, ಮೆತ್ತಗೆ ಬಾಯಿ ಹಾಕಿತು. ಅವತ್ತು ನನಗಾದ ಸಂತೋಷ — ಹೇಳಿಬಿಡುತ್ತೇನೆ, ಅಶ್ವಿನಿ ಹುಟ್ಟಿದಾಗಲೂ ಅಷ್ಟು ಗೆದ್ದೆ ಅನ್ನಿಸಿರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನನ್ನ ಕೈಯಿಂದ ತಿಂದರೆ ಯಾರಿಗೆ ಗೊತ್ತಾಗಬೇಕು? ಎಲ್ಲರ ಎದುರಿಗೆ, ಹಬ್ಬಕ್ಕೆ ನೆಂಟರು ಸೇರಿದಾಗ, ಯಾರೋ ಗುರುತಿಲ್ಲದವರು ಎಸೆದ ತುಂಡನ್ನು ಈ ನಾಯಿ ಬಾಲ ಅಲ್ಲಾಡಿಸಿ ತಿನ್ನಬೇಕು. ಅವಳ ಮುಖ ಸಪ್ಪಗಾಗಬೇಕು. ಅದನ್ನು ನಾನು ಕಣ್ಣಾರೆ ನೋಡಬೇಕು. ಅದಕ್ಕಾಗಿ ತೆಂಗಿನಕಾಯಿ ಕೀಳಲು ಬಂದವರಿಗೆ, ಮೀನು ಮಾರುವವನಿಗೆ, ಕರೆಂಟು ಬಿಲ್ಲಿನವನಿಗೆ — ಬಂದವರ ಕೈಗೆಲ್ಲ ಬಿಸ್ಕತ್ತು ಕೊಟ್ಟು, ಹಾಕಪ್ಪ, ಏನೂ ಮಾಡಲ್ಲ ಎಂದು ಹಾಕಿಸಿದೆ. ಸಾವಿತ್ರಿ ಇಲ್ಲದ ಹೊತ್ತು ನೋಡಿಯೇ ಹಾಕಿಸಿದೆ. ಅವರಲ್ಲಿ ಯಾರೂ ಕೆಟ್ಟವರಲ್ಲ. ಕೆಟ್ಟವಳು ಬಿಸ್ಕತ್ತಿನ ಪೊಟ್ಟಣ ಸೆರಗಿನಲ್ಲಿಟ್ಟುಕೊಂಡಿದ್ದವಳು.

ಹಬ್ಬ ಬರುವ ಮೊದಲೇ ಕುಣಿಗಲ್‌ನಲ್ಲಿ ನೆಂಟರ ಮದುವೆ ಬಂತು. ಮನೆಗೆ ಬೀಗ ಹಾಕಿ, ಕೆಂಚನಿದ್ದಾನೆ ಎಂಬ ಧೈರ್ಯದ ಮೇಲೆ, ಎಲ್ಲರೂ ಹೋದೆವು. ಮದುವೆ ಊಟ ಮುಗಿಸಿ ಹಗಲಿರುವಾಗಲೇ ವಾಪಸು ಬಂದರೆ ಹಿತ್ತಲ ಬಾಗಿಲು ಒಡೆದಿತ್ತು. ಅತ್ತೆಯ ಎರಡೆಳೆ ಸರ ಹೋಗಿತ್ತು, ಬೀರು ಬರಿದಾಗಿತ್ತು. ಹುಲ್ಲಿನ ಬಣವೆ ಪಕ್ಕದಲ್ಲಿ ಕೆಂಚ ಬಿದ್ದಿತ್ತು, ಬಾಯಲ್ಲಿ ನೊರೆ, ಮುಂದೆ ಅರ್ಧ ತಿಂದ ಕೋಳಿಯ ತುಂಡು. ಮೈ ಇನ್ನೂ ತಣ್ಣಗಾಗಿರಲಿಲ್ಲ. ಕದ್ದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ.

ಸಾವಿತ್ರಿ ಮದುವೆಯ ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಯಾರ ಕೈಯಿಂದಲೂ ತಿನ್ನುತ್ತಿರಲಿಲ್ಲವಲ್ಲ, ಹೇಗೆ ತಿಂದ, ಹೇಗೆ ತಿಂದ ಎಂದು ಅದನ್ನೇ ಕೇಳುತ್ತಿದ್ದಳು. ಹೇಳಬೇಕಾದ ಗಳಿಗೆ ಅದು. ನಾಲಿಗೆಯ ತುದಿಗೆ ಬಂದಿತ್ತು ಅಂತ ಹೇಳಿದರೆ ಅದೂ ನೆಪವಾಗುತ್ತದೆ, ಬಂದಿರಲಿಲ್ಲ. ಅತ್ತೆ ಸಂಕಟದಲ್ಲಿ, ಇವಳ ಕೈಗುಣ ನಂಬಿಕೊಂಡು ಕೆಟ್ಟೆವಲ್ಲ ಎಂದು ಹಣೆ ಚಚ್ಚಿಕೊಂಡರು. ಆಗ ನಾನು ಬಾಯಿ ಬಿಟ್ಟೆ.

"ಅವತ್ತೇ ಬಡ್ಕೊಂಡೆ ನಾನು, ನಮ್ಮಣ್ಣನ ಮನೆ ಮರಿ ತರೋಣ ಅಂತ. ನನ್ ಮಾತು ಯಾರ್ ಕೇಳ್ತೀರ?"

ಇದೇ ಆ ಮಾತು. ಸಾವಿತ್ರಿ ತಲೆಯೆತ್ತಿ ನನ್ನನ್ನು ನೋಡಿ, ನೀವು ಹೇಳಿದ್ದು ನಿಜ ಅಕ್ಕ ಎಂದಳು.

ಆಮೇಲೆ ಯಾರೂ ಅವಳನ್ನು ಬೈಯಲಿಲ್ಲ, ಮನೆಯಿಂದ ಕಳಿಸಲಿಲ್ಲ. ಆ ವರ್ಷ ನಾಟಿಯ ದಿನ ಅತ್ತೆ ಮೊದಲ ಪೈರನ್ನು ನನ್ನ ಕೈಗೆ ಕೊಟ್ಟರು, ಅಷ್ಟೇ. ಕೋಳಿ ಕಾವಿಗೆ ಕೂರಿಸುವುದೂ ನನ್ನ ಪಾಲಿಗೆ ಬಂತು. ಅರ್ಧ ಮೊಟ್ಟೆ ಕೆಟ್ಟವು, ಯಾರೂ ಏನೂ ಅನ್ನಲಿಲ್ಲ. ಊರಿನವರು ಬಳೆ ತೊಡಿಸಲು ಅವಳನ್ನು ಕರೆಯುವುದು ಬಿಟ್ಟರು. ಹಿಂದೆಂದೂ ಕೇಳದಿದ್ದ ಬಂಜೆ ಎಂಬ ಮಾತನ್ನು ಹಾಲಿನ ಡೇರಿಯ ಹತ್ತಿರ ಯಾರೋ ಅಂದದ್ದು ನನ್ನ ಕಿವಿಗೇ ಬಿತ್ತು. ನಾನು ಕ್ಯಾನು ತೆಗೆದುಕೊಂಡು ಮನೆಗೆ ಬಂದೆ.

ನಾಯಿಯ ಬದಲು ಮನೆಗೆ ಕ್ಯಾಮೆರಾ ಹಾಕಿಸಿದೆವು. ವರ್ಷಗಳು ಉರುಳಿದವು, ಅಶ್ವಿನಿ ಮದುವೆಯಾಗಿ ಹೋದಳು, ಅವಳಿಗೊಬ್ಬ ಮಗನೂ ಹುಟ್ಟಿದ. ಮೊನ್ನೆ ಅದರ ಎದುರಿಗೇ ಯಾರೋ ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದು ಮೋಟಾರಿನ ಕೇಬಲ್ಲು ಕತ್ತರಿಸಿಕೊಂಡು ಹೋದರು. ಕ್ಯಾಮೆರಾ ಬೊಗಳುತ್ತದೆಯೇ? ಒಂಟಿ ಮನೆಗೆ ನಾಯಿಯೇ ಆಗಬೇಕು ಎಂದು ನನ್ನ ಗಂಡ ಹೇಳಿ, ಮರಿ ಆರಿಸಲು ಬಾ ಎಂದು ಸಾವಿತ್ರಿಯನ್ನು ಕರೆದರು. ಅವಳು ಸೆರಗಿನಲ್ಲಿ ಕೈ ಮುಚ್ಚಿಕೊಂಡು, ನನ್ನ ಕೈ ಬೇಡ, ಅಕ್ಕನೇ ಆರಿಸಲಿ ಎಂದಳು. ಆ ಮಾತು ಕೇಳಿ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ — ಖುಷಿ. ಇಷ್ಟು ವರ್ಷ ಆದಮೇಲೂ, ಖುಷಿ. ಥೂ ಅನ್ನಿಸಿದ್ದು ಆಮೇಲೆ.

ಆರಿಸಿ ತಂದೆ. ಭಾನುವಾರ, ಮೈದುನನೂ ಮನೆಯಲ್ಲಿದ್ದ. ಅತ್ತೆ ಹಾಲನ್ನದ ಬಟ್ಟಲು ನನ್ನ ಕೈಗಿಟ್ಟು, ಇನ್ನು ಮೇಲೆ ಇದಕ್ಕೆ ನಿನ್ನ ಕೈಯೇ ಎಂದರು. ಅಷ್ಟು ವರ್ಷದಿಂದ ಬಯಸಿದ್ದು ಕೈಗೆ ಬಂದಿತ್ತು. ಬಾಗಿಲ ಪಕ್ಕದಲ್ಲಿ ಸಾವಿತ್ರಿ, ಮರಿ ತನ್ನ ಕಾಲಿಗೆ ತಾಗದ ಹಾಗೆ ಸೀರೆ ಎತ್ತಿ ಹಿಡಿದು ನಿಂತಿದ್ದಳು. ಹಾಗೆ ನಿಂತವಳನ್ನು ನೋಡಿ ನನಗೆ ಬಗ್ಗಲಾಗಲಿಲ್ಲ.

"ಸಾವಿತ್ರಿ ಕೈ ಕೆಟ್ಟಿರ್ಲಿಲ್ಲ ಅತ್ತೆ," ಎಂದೆ. "ಕೆಂಚಂಗೆ ಕಂಡೋರ ಹತ್ರ ತಿನ್ನೋದ್ ಕಲ್ಸಿದ್ದು ನಾನು. ಹೊಟ್ಟೆಕಿಚ್ಚಿಗೆ ಕಲ್ಸಿದ್ದು."

ಅತ್ತೆಗೆ ಈಗ ಕಿವಿ ಮಂದ. ಏನಂದೆ ಎಂದು ಕೇಳಿದರು. ಅದನ್ನೆಲ್ಲ ಇನ್ನೊಂದು ಸಲ, ಗಟ್ಟಿಯಾಗಿ, ಬೀದಿಯಲ್ಲಿ ಕೂಗುವ ಹಾಗೆ ಕೂಗಿ ಹೇಳಬೇಕಾಯಿತು. ನನ್ನ ಗಂಡ ಎದ್ದು ಅಂಗಳಕ್ಕೆ ಹೋದರು. ಸಾವಿತ್ರಿ ತನ್ನ ಎರಡೂ ಅಂಗೈಯನ್ನು ನೋಡಿಕೊಳ್ಳುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಶ್ವಿನಿ ಪಾಪುನ ಒಂದ್ ದಿನಾನೂ ಎತ್ಕೊಳ್ಳಿಲ್ಲ ಅಕ್ಕ ನಾನು," ಎಂದಳು. "ನನ್ ಕೈ ತಾಕಿ ಏನಾರ ಆಗ್ಬುಟ್ರೆ ಅಂತ."

ಇಷ್ಟು ಹೇಳಿ ಒಳಗೆ ಹೋದಳು. ಅವತ್ತು ಮರಿಗೆ ಊಟ ಹಾಕಿದ್ದು ಮೈದುನ.

ಅಶ್ವಿನಿ ಬಾಣಂತನಕ್ಕೆ ಈ ಮನೆಗೇ ಬಂದಿದ್ದಳು. ಸಾವಿತ್ರಿ ಅವಳ ಬಟ್ಟೆ ಒಗೆದಳು, ನೀರು ಕಾಯಿಸಿದಳು, ಪಥ್ಯದ ಅಡುಗೆ ಮಾಡಿದಳು. ಮಗುವನ್ನು ಮಾತ್ರ ಮುಟ್ಟಲಿಲ್ಲ. ಕೊಡಹೋದರೆ ಕೈ ಒದ್ದೆಯಾಗಿದೆ ಎಂದು ಜಾರಿಕೊಳ್ಳುತ್ತಿದ್ದಳು. ತನಗೆ ಮಕ್ಕಳಿಲ್ಲವಲ್ಲ, ಚಿಕ್ಕಮ್ಮನಿಗೆ ನನ್ನ ಮಗು ಕಂಡರೆ ಹೊಟ್ಟೆಕಿಚ್ಚು ಅಲ್ವೇನಮ್ಮ ಎಂದು ಅಶ್ವಿನಿ ಒಂದು ದಿನ ನನ್ನನ್ನು ಕೇಳಿದಳು. ನಾನು ಹೂಂ ಅಂದೆ. ಅವತ್ತಿನಿಂದ ಅವಳು ಚಿಕ್ಕಮ್ಮನ ಜೊತೆ ಮಾತು ಬಿಟ್ಟಿದ್ದಾಳೆ, ದಿನಾ ಫೋನು ನನಗೊಬ್ಬಳಿಗೇ ಮಾಡುತ್ತಾಳೆ. ಆ ಫೋನಿಗಾಗಿ ನಾನು ಸಂಜೆಯೆಲ್ಲ ಕಾಯುತ್ತೇನೆ. ಆ ಹುಡುಗ ಈಗ ಓಡಾಡುತ್ತಾನೆ; ಎತ್ತಿಕೊಂಡರೆ ಕೊಸರಿಕೊಂಡು ಇಳಿಯುತ್ತಾನೆ.

ಅಶ್ವಿನಿಗೆ ಇನ್ನೂ ಹೇಳಿಲ್ಲ. ಮನೆಯವರೆದುರು ಹೇಳುವುದಕ್ಕಿಂತ ಇದು ಕಷ್ಟ, ಯಾಕೆಂದರೆ ಹೇಳಿದ ಮೇಲೆ ಅವಳು ಹೋಗುವುದು ಚಿಕ್ಕಮ್ಮನ ಕಡೆಗೇ. ನನಗೆ ಫೋನು ಬರುತ್ತದೋ ಇಲ್ಲವೋ. ಇದನ್ನು ಬರೆಯುವಾಗಲೂ ಒಳಗೆ ಅದೇ ಉರಿ, ಸುಳ್ಳು ಯಾಕೆ ಹೇಳಲಿ. ಈ ಸಂಜೆ ಅವಳು ಫೋನು ಮಾಡಿದಾಗ ಎಲ್ಲ ಹೇಳಿ, ಫೋನನ್ನು ಸಾವಿತ್ರಿಯ ಕೈಗೆ ಕೊಡುತ್ತೇನೆ.